ಭಾರತದ ಪುರುಷರ ಖೋ-ಖೋ ತಂಡ

ಅಂತರರಾಷ್ಟ್ರೀಯ ಖೋ-ಖೋ ಪಂದ್ಯಾವಳಿಗಳಲ್ಲಿ ದೇಶದ ಪರವಾಗಿ ಆಡುವ ತಂಡ. ಭಾರತೀಯ ಖೋ-ಖೋ ಫೆಡರೇಷನ್ ಇದನ್ನು ಆರಿಸಿ ಕಳಿಸುತ್ತದೆ. 2025ರ ಜನವರಿಯಲ್ಲಿ ನವದೆಹಲಿಯಲ್ಲಿ ನಡೆದ ಮೊದಲ ವಿಶ್ವಕಪ್ಪನ್ನು ಗೆದ್ದ ತಂಡ ಇದೇ. ಅದಕ್ಕೂ ಮೊದಲು ಏಷ್ಯನ್ ಚಾಂಪಿಯನ್‌ಷಿಪ್‌ಗಳಲ್ಲಿ, 2016 ಮತ್ತು 2019ರ ದಕ್ಷಿಣ ಏಷ್ಯಾ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದಿತ್ತು. ಗೆಲುವುಗಳ ಪಟ್ಟಿ ಓದಲು ಚೆನ್ನಾಗಿದೆ. ಆದರೆ ಈ ತಂಡದ ಚರಿತ್ರೆ ಬರೆಯುವವರು ಎರಡು ಪಂದ್ಯಾವಳಿಗಳ ನಡುವೆ ಬರಿದಾಗಿ ಹೋದ ವರ್ಷಗಳನ್ನು ಎಣಿಸಲೇಬೇಕು. ಹಳ್ಳಿಹಳ್ಳಿಯಲ್ಲೂ ಆಡುವ ಆಟಕ್ಕೆ ಹೊರಗೆ ಎದುರಾಳಿಯೇ ಸಿಗದೆ ಹೋದ ಕಥೆ ಅದು.

ಆಟದ ಹಿನ್ನೆಲೆ

ಖೋ-ಖೋಗೆ ಇಂದಿನ ರೂಪ ಬಂದದ್ದು ಪುಣೆಯಲ್ಲಿ. ಅಲ್ಲಿನ ಡೆಕ್ಕನ್ ಜಿಮ್‌ಖಾನಾ 1914ರಲ್ಲಿ ಮೊದಲ ನಿಯಮಗಳನ್ನು ಬರೆಸಿತು. ಹತ್ತು ವರ್ಷಗಳ ಮೇಲೆ ಬರೋಡದ ಜಿಮ್‌ಖಾನಾ ತನ್ನದೇ ನಿಯಮಾವಳಿ ಹೊರತಂದಿತು. 27 ಮೀಟರ್ ಉದ್ದ, 16 ಮೀಟರ್ ಅಗಲದ ಅಂಕಣ. ಎರಡು ತುದಿಗೂ ಒಂದೊಂದು ಕಂಬ. ಎರಡು ಕಂಬಗಳ ನಡುವಿನ ಪಟ್ಟಿಯಲ್ಲಿ ಎಂಟು ಚೌಕ. ಬೆನ್ನಟ್ಟುವ ತಂಡದ ಎಂಟು ಮಂದಿ ಆ ಚೌಕಗಳಲ್ಲಿ ಒಬ್ಬ ಈ ಕಡೆ, ಒಬ್ಬ ಆ ಕಡೆ ಮುಖ ಮಾಡಿ ಕೂರುತ್ತಾರೆ. ಒಂಬತ್ತನೆಯವನು ಓಡಿ ಮುಟ್ಟಬೇಕು. ಎದುರು ತಂಡದವರು ಮೂವರು ಮೂವರಾಗಿ ಅಂಕಣಕ್ಕೆ ಇಳಿಯುತ್ತಾರೆ. ಅವರು ಕೂತವರ ನಡುವೆ ಎಲ್ಲಿ ಬೇಕಾದರೂ ನುಸುಳಬಹುದು. ಬೆನ್ನಟ್ಟುವವನಿಗೆ ಆ ಸ್ವಾತಂತ್ರ್ಯವಿಲ್ಲ. ಅವನು ಹಿಡಿದ ದಿಕ್ಕನ್ನು ಬಿಡುವಂತಿಲ್ಲ, ಮಧ್ಯದ ಪಟ್ಟಿಯನ್ನು ದಾಟುವಂತಿಲ್ಲ. ಆ ಬದಿಗೆ ಹೋಗಬೇಕಾದರೆ ಕಂಬ ಸುತ್ತಬೇಕು, ಇಲ್ಲವೇ ಕೂತವನ ಬೆನ್ನು ಮುಟ್ಟಿ 'ಖೋ' ಕೊಟ್ಟು ತನ್ನ ಸರದಿಯನ್ನು ಅವನಿಗೆ ಒಪ್ಪಿಸಬೇಕು. ಇಡೀ ಆಟದ ಸೊಗಸು ಈ ಅಸಮಾನತೆಯಲ್ಲಿದೆ. ಬೆನ್ನಟ್ಟುವವನು ಒಬ್ಬನೇ ಗೆಲ್ಲಲಾರ. ಓಡುವವನಿಗೆ ಮಾತ್ರ ತನ್ನ ಕಾಲು, ತನ್ನ ಕಣ್ಣು.

ರಾಷ್ಟ್ರೀಯ ಚಾಂಪಿಯನ್‌ಷಿಪ್ 1959–60ರಲ್ಲಿ ವಿಜಯವಾಡದಲ್ಲಿ ಪುರುಷರಿಗಾಗಿ ಆರಂಭವಾಯಿತು. ಮಹಿಳೆಯರ ವಿಭಾಗ ಮರುವರ್ಷ ಕೊಲ್ಹಾಪುರದಲ್ಲಿ ಸೇರಿತು. ಅಲ್ಲಿಂದ ಮುಂದೆ ದಶಕಗಟ್ಟಲೆ, ಖೋ-ಖೋ ಆಟಗಾರನಿಗೆ ರಾಷ್ಟ್ರೀಯ ಪಂದ್ಯಾವಳಿಯೇ ಕೊನೆಯ ಮೆಟ್ಟಿಲಾಗಿತ್ತು. ಅದರಾಚೆ ಏರಲು ಜಾಗವಿರಲಿಲ್ಲ.

ಹೊರದೇಶಗಳ ಎದುರು

ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದ ತಂಡ 1936ರ ಬರ್ಲಿನ್ ಒಲಿಂಪಿಕ್ಸ್ ಸಮಯದಲ್ಲಿ ಜರ್ಮನಿಗೆ ಹೋಗಿ ದೇಸಿ ಆಟಗಳನ್ನು ತೋರಿಸಿ ಬಂದಿತ್ತು. ಖೋ-ಖೋ ಹೊರಜಗತ್ತಿನ ಕಣ್ಣಿಗೆ ಬಿದ್ದ ಮೊದಲ ಸಂದರ್ಭವೆಂದು ಅದನ್ನೇ ಹೇಳುತ್ತಾರೆ. 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಕಬಡ್ಡಿಯ ಜೊತೆ ಖೋ-ಖೋ ಕೂಡ ಪ್ರದರ್ಶನ ಆಟವಾಗಿತ್ತು. ಎರಡೂ ಒಂದೇ ಗೆರೆಯಿಂದ ಹೊರಟವು. ಕಬಡ್ಡಿ ಎಂಟೇ ವರ್ಷದಲ್ಲಿ, 1990ರ ಬೀಜಿಂಗ್‌ನಲ್ಲಿ, ಪದಕದ ಆಟವಾಯಿತು. ಖೋ-ಖೋ ಅಲ್ಲೇ ಉಳಿಯಿತು. ಕಾರಣ ಹುಡುಕಿ ದೂರ ಹೋಗಬೇಕಿಲ್ಲ. ಕಬಡ್ಡಿಗೆ ಬಾಂಗ್ಲಾದೇಶ, ಪಾಕಿಸ್ತಾನ, ಜಪಾನ್‌ಗಳಲ್ಲಿ ತಂಡಗಳು ಬೆಳೆದವು. ಖೋ-ಖೋವನ್ನು ಹೊರದೇಶಗಳಲ್ಲಿ ಕಲಿಸಿ ಬೆಳೆಸುವ ಕೆಲಸ ಅಷ್ಟು ಬೇಗ ನಡೆಯಲಿಲ್ಲ.

ಮೊದಲ ಏಷ್ಯನ್ ಚಾಂಪಿಯನ್‌ಷಿಪ್ 1996ರಲ್ಲಿ ಕೋಲ್ಕತ್ತದಲ್ಲಿ, ಎರಡನೆಯದು 2000ದಲ್ಲಿ ಢಾಕಾದಲ್ಲಿ ನಡೆದವು. ಎರಡನ್ನೂ ಭಾರತ ಗೆದ್ದಿತು. ಮೂರನೆಯದಕ್ಕೆ ಇಂದೋರ್ ಆತಿಥ್ಯ ವಹಿಸಿದ್ದು 2016ರಲ್ಲಿ. ನಡುವೆ ಹದಿನಾರು ವರ್ಷ! ಖೋ-ಖೋದಲ್ಲಿ ಮೊಣಕಾಲು, ಪಾದದ ಗಂಟು ಒಂದು ದಶಕ ತಡೆದುಕೊಂಡರೆ ಅದೇ ದೊಡ್ಡದು. ಹಾಗಾಗಿ 2000ದ ಹೊತ್ತಿಗೆ ಹದಿನೆಂಟು ವರ್ಷವಾಗಿದ್ದ ಒಬ್ಬ ಒಳ್ಳೆಯ ಆಟಗಾರ, ಜೂನಿಯರ್, ಸೀನಿಯರ್, ರೈಲ್ವೆ ತಂಡ ಎಲ್ಲ ದಾಟಿ, ದೇಶದ ಹೆಸರಿನ ಅಂಗಿಯನ್ನು ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಒಮ್ಮೆಯೂ ತೊಡದೆ ಆಟ ಮುಗಿಸಿರಬಹುದು. ಒಂದು ಇಡೀ ತಲೆಮಾರಿನ ಹೆಸರುಗಳು ಈ ತಂಡದ ದಾಖಲೆಯಲ್ಲಿ ಇಲ್ಲದಿರುವುದಕ್ಕೆ ಆಟದ ಕೊರತೆ ಕಾರಣವಲ್ಲ ಎಂಬುದನ್ನು ಒತ್ತಿ ಹೇಳಬೇಕು.

2016ರಲ್ಲಿ ಗುವಾಹಟಿ–ಶಿಲ್ಲಾಂಗ್‌ನ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಖೋ-ಖೋ ಮೊದಲ ಸಲ ಪದಕದ ಆಟವಾಗಿ ಸೇರಿತು. ಪುರುಷರು, ಮಹಿಳೆಯರು ಇಬ್ಬರೂ ಚಿನ್ನ ತಂದರು. 2019ರಲ್ಲಿ ಕಠ್ಮಂಡುವಿನಲ್ಲಿ ಪುರುಷರ ತಂಡ ಫೈನಲ್‌ನಲ್ಲಿ ಬಾಂಗ್ಲಾದೇಶವನ್ನು 16–9ರಿಂದ ಸೋಲಿಸಿತು. 2023ರ ಮಾರ್ಚ್‌ನಲ್ಲಿ ಅಸ್ಸಾಮಿನ ತಮುಲಪುರದಲ್ಲಿ ನಡೆದ ನಾಲ್ಕನೇ ಏಷ್ಯನ್ ಚಾಂಪಿಯನ್‌ಷಿಪ್‌ನ ಫೈನಲ್‌ನಲ್ಲಿ ಭಾರತ ಗೆದ್ದದ್ದು ನೇಪಾಳದ ಎದುರು. ಆ ಹೊತ್ತಿಗೆ ಮುಖ್ಯ ಎದುರಾಳಿಯ ಜಾಗಕ್ಕೆ ನೇಪಾಳ ಬಂದಿತ್ತು. ಮುಂದೆ ಆ ಪೈಪೋಟಿ ಇನ್ನಷ್ಟು ಗಟ್ಟಿಯಾಯಿತು.

ಗಡಿ ಸೀಮೆಯ ಪಾಲು

ರಾಷ್ಟ್ರೀಯ ತಂಡಕ್ಕೆ ಹೆಚ್ಚು ಆಟಗಾರರನ್ನು ಕೊಟ್ಟದ್ದು ಮಹಾರಾಷ್ಟ್ರ. ಪುಣೆ, ಮುಂಬೈ, ಠಾಣೆಗಳ ಕ್ಲಬ್ಬುಗಳ ಹೆಸರು ಮೊದಲು ಬರುತ್ತದೆ, ನಿಜ. ಆದರೆ ಸೋಲಾಪುರ, ಸಾಂಗ್ಲಿ, ಧಾರಾಶಿವದಂಥ ಒಣಭೂಮಿಯ ಜಿಲ್ಲೆಗಳನ್ನು ಬಿಟ್ಟು ಈ ಆಟದ ಮಾತಾಡಲಾಗದು. 2023ರವರೆಗೆ ಉಸ್ಮಾನಾಬಾದ್ ಎಂದಿದ್ದ ಧಾರಾಶಿವ ಜಿಲ್ಲೆಯಲ್ಲೇ ಕರ್ನಾಟಕದ ಗಡಿಗೆ ಹತ್ತಿರದ ಮುರುಮ, ಉಮರ್ಗಾ ಬರುತ್ತವೆ. ನಿಲಂಗಾ, ಉದಗೀರ ಪಕ್ಕದ ಲಾತೂರು ಜಿಲ್ಲೆಯವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಇರುವ ಕುಟುಂಬಗಳು ಈ ಸೀಮೆಯಲ್ಲಿ ಬಹಳ. ಹಿಂದೆ ನಿಜಾಮರದಾಗಿದ್ದ ಹೈದರಾಬಾದ್ ರಾಜ್ಯ 1956ರಲ್ಲಿ ಒಡೆದಾಗ ಧಾರಾಶಿವ, ಲಾತೂರುಗಳಿರುವ ಮರಾಠವಾಡ ಮುಂಬೈ ರಾಜ್ಯಕ್ಕೂ ಕಲಬುರಗಿ, ಬೀದರ್ ಮೈಸೂರಿಗೂ ಹೋದವು. ಅದರ ಪರಿಣಾಮ ಖೋ-ಖೋ ಅಂಕಣದಲ್ಲೂ ಕಾಣುತ್ತದೆ: ಮುರುಮದ ಹುಡುಗ ಜಿಲ್ಲಾ ಮಟ್ಟ ದಾಟಿದರೆ ಮಹಾರಾಷ್ಟ್ರದ ಪರ ಆಡುತ್ತಾನೆ, ಕೆಲವೇ ಹರದಾರಿ ಆಚೆಯ ಆಳಂದದ ಹುಡುಗ ಕರ್ನಾಟಕದ ಪರ.

ಎರಡು ಕಂಬ, ಸುಣ್ಣದ ಗೆರೆ, ಕಲ್ಲು ಆರಿಸಿದ ನೆಲ. ಶಾಲೆಗೆ ಬೇಕಾದದ್ದು ಇಷ್ಟೇ. ಚೆಂಡಿಲ್ಲ, ಬ್ಯಾಟಿಲ್ಲ, ಕಾಲಿಗೆ ಬೂಟೂ ಕಡ್ಡಾಯವಲ್ಲ. ಮಳೆ ಕಡಿಮೆ, ನೆಲ ಗಟ್ಟಿ ಇರುವ ಈ ಸೀಮೆಯಲ್ಲಿ ವರ್ಷದ ಬಹುಪಾಲು ತಿಂಗಳು ಅಭ್ಯಾಸ ಸಾಧ್ಯ. ಧಾರಾಶಿವದಲ್ಲಿ ತರಬೇತುದಾರ ಚಂದ್ರಜಿತ್ ಜಾಧವ್ ಬೆಳೆಸಿದ ಆಟಗಾರ್ತಿ ಸಾರಿಕಾ ಕಾಳೆ, 2016ರ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಭಾರತದ ಮಹಿಳಾ ತಂಡದ ನಾಯಕಿಯಾಗಿದ್ದರು. 2020ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು. 1998ರಲ್ಲಿ ಶೋಭಾ ನಾರಾಯಣ ಅವರಿಗೆ ಸಂದ ಮೇಲೆ ಖೋ-ಖೋಗೆ ಆ ಗೌರವ ಮತ್ತೆ ಸಿಗಲು 22 ವರ್ಷ ಬೇಕಾಯಿತು. ಇದು ಪುರುಷರ ತಂಡದ ಲೇಖನವಾದರೂ ಸಾರಿಕಾ ಅವರ ಹೆಸರನ್ನು ಬಿಡುವುದು ನ್ಯಾಯವಲ್ಲ. ಮರಾಠವಾಡದ ಅಂಕಣದಿಂದ ದೇಶದ ತಂಡಕ್ಕೆ ದಾರಿ ಇದೆಯೆಂದು ಇಲ್ಲಿನ ಗಂಡುಮಕ್ಕಳಿಗೂ ಕಂಡದ್ದು ಅವರಿಂದ. ಪಕ್ಕದ ಸೋಲಾಪುರ ಜಿಲ್ಲೆಯ ವೇಳಾಪುರದ ರಾಮ್‌ಜಿ ಕಶ್ಯಪ್ ವಿಶ್ವಕಪ್ ತಂಡದ ಮುಂಚೂಣಿಯ ಆಟಗಾರರಾದರು.

ಹೊಸ ರೂಪ, ಹೊಸ ಅಂಕ

2022ರ ಆಗಸ್ಟ್‌ನಲ್ಲಿ ಪುಣೆಯ ಬಾಲೇವಾಡಿಯಲ್ಲಿ ಆರಂಭವಾದ ಅಲ್ಟಿಮೇಟ್ ಖೋ-ಖೋ ಲೀಗ್ ಆಟವನ್ನು ಮ್ಯಾಟಿನ ಮೇಲೆ ಟಿವಿಗೆ ತಂದಿತು. ಅಂಕಣ ಚಿಕ್ಕದಾಯಿತು, ಕೂರುವವರ ಸಂಖ್ಯೆ ಇಳಿಯಿತು, 'ವಜೀರ್' ಎಂಬ ಆಟಗಾರನಿಗೆ ಯಾವ ದಿಕ್ಕಿಗಾದರೂ ತಿರುಗಿ ಓಡುವ ಅವಕಾಶ ಸಿಕ್ಕಿತು. ಒಬ್ಬನನ್ನು ಔಟ್ ಮಾಡಿದರೆ ಒಂದು ಅಂಕವೆಂಬ ಹಳೆಯ ಲೆಕ್ಕ ಹೋಗಿ ಅದಕ್ಕಿಂತ ಹೆಚ್ಚು ಅಂಕ ಕೊಡುವ ಪದ್ಧತಿ ಬಂತು. ಹೆಚ್ಚು ಹೊತ್ತು ತಪ್ಪಿಸಿಕೊಂಡ ಓಟಗಾರರಿಗೂ ಅಂಕ ಬರತೊಡಗಿತು. ಕಠ್ಮಂಡುವಿನ 16–9ನ್ನೂ ಮುಂದೆ ಬರುವ ವಿಶ್ವಕಪ್ ಅಂಕಗಳನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು, ವಿಶ್ವಕಪ್ಪಿನ ಹೊತ್ತಿಗೆ ಲೆಕ್ಕವೇ ಬದಲಾಗಿತ್ತು. ಕಂಬ ಹಿಡಿದು ತಿರುಗುವ ಹಳೆಯ ಕುಶಲತೆಗಿಂತ ನೆಗೆದು ಮುಟ್ಟುವ ಆಟಕ್ಕೆ ಬೆಲೆ ಹೆಚ್ಚಾಯಿತೆಂದು ಹಿರಿಯರು ಕೊರಗಿದರೆ ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಆಟಗಾರನ ಕೈಗೆ ಆಡಿದ್ದಕ್ಕೆ ಸಂಬಳ ತಂದದ್ದೂ ಈ ಹೊಸ ರೂಪ.

ವಿಶ್ವಕಪ್, 2025

ಜನವರಿ 13ರಿಂದ 19ರವರೆಗೆ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಪುರುಷರ 20, ಮಹಿಳೆಯರ 19 ತಂಡಗಳು ಸೇರಿದವು. ಪುರುಷರ ತಂಡದ ನಾಯಕ ಪುಣೆಯ ಪ್ರತೀಕ್ ವಾಯ್ಕರ್. ತರಬೇತುದಾರ ಅಶ್ವನಿ ಕುಮಾರ್ ಶರ್ಮಾ. ಸುಯಶ್ ಗರ್ಗಟೆ, ಆದಿತ್ಯ ಗಣಪುಲೆ, ಅನಿಕೇತ್ ಪೋಟೆ, ರಾಮ್‌ಜಿ ಕಶ್ಯಪ್ ಮಹಾರಾಷ್ಟ್ರದವರು. ಕರ್ನಾಟಕದಿಂದ ಎಂ.ಕೆ. ಗೌತಮ್ ಇದ್ದರು. ತಮಿಳುನಾಡು, ಒಡಿಶಾ, ಆಂಧ್ರ, ದೆಹಲಿಗಳ ಆಟಗಾರರೂ ತಂಡದಲ್ಲಿದ್ದರು.

ಉದ್ಘಾಟನೆಯ ಪಂದ್ಯವೇ ನೇಪಾಳದ ಎದುರು. ಭಾರತ 42–37ರಿಂದ ಗೆದ್ದಿತು. ಐದೇ ಅಂಕದ ಅಂತರ, ತವರಿನ ಜನಸಂದಣಿ, ಕೊನೆಯ ಸರದಿಯವರೆಗೂ ಉಸಿರು ಬಿಗಿಹಿಡಿಸಿದ ಆಟ. ವರ್ಷಗಟ್ಟಲೆ ಎದುರಾಳಿಗಾಗಿ ಕಾದ ತಂಡಕ್ಕೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಇರಲಾರದು. ಬ್ರೆಜಿಲ್, ಪೆರು, ಭೂತಾನ್ ವಿರುದ್ಧದ ಪಂದ್ಯಗಳು ಸುಲಭವಾಗಿ ಮುಗಿದವು. ಕ್ವಾರ್ಟರ್ ಫೈನಲ್‌ನಲ್ಲಿ ಶ್ರೀಲಂಕಾ ಮೇಲೆ 100–40. ಸೆಮಿಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ಚೆನ್ನಾಗಿ ಸೆಣಸಿತು.

ಫೈನಲ್‌ನಲ್ಲಿ ಮತ್ತೆ ನೇಪಾಳ. ಮೊದಲ ಸರದಿಯಲ್ಲಿ ಬೆನ್ನಟ್ಟಿದ ಭಾರತ 26 ಅಂಕ ಗಳಿಸಿತು. ನೇಪಾಳ 18ರಿಂದ ಉತ್ತರ ಕೊಟ್ಟಿತು. ಮೂರನೇ ಸರದಿಯಲ್ಲಿ ಭಾರತ ಮೊತ್ತವನ್ನು 54ಕ್ಕೆ ಒಯ್ದ ಮೇಲೆ ಆಟ ಕೈಗೆ ಬಂತು. ಕೊನೆಗೆ 54–36. ಮೊದಲ ಪಂದ್ಯದ ಐದು ಅಂಕದ ಅಂತರ ವಾರದೊಳಗೆ ಹದಿನೆಂಟಾದದ್ದು ಬೆನ್ನಟ್ಟುವಿಕೆ ಸುಧಾರಿಸಿದ್ದರ ಫಲ. ಅದೇ ದಿನ ಮಹಿಳೆಯರ ತಂಡವೂ ನೇಪಾಳವನ್ನು 78–40ರಿಂದ ಸೋಲಿಸಿ ಕಪ್ ಎತ್ತಿತು. ಆ ತಂಡದಲ್ಲಿ ಧಾರಾಶಿವದ ಅಶ್ವಿನಿ ಶಿಂದೆ, ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು.

ಗೆದ್ದ ಮೇಲೆ

ವಿಶ್ವಕಪ್ ಗೆದ್ದ ತನ್ನ ಆಟಗಾರರಿಗೆ ಮಹಾರಾಷ್ಟ್ರ ಸರ್ಕಾರ ತಲಾ 2.25 ಕೋಟಿ ರೂಪಾಯಿ ಮತ್ತು ಸರ್ಕಾರಿ ನೌಕರಿ ಘೋಷಿಸಿತು. ಕರ್ನಾಟಕ ಸರ್ಕಾರ ಗೌತಮ್ ಮತ್ತು ಚೈತ್ರಾ ಅವರಿಗೆ ತಲಾ 5 ಲಕ್ಷ ರೂಪಾಯಿ ಪ್ರಕಟಿಸಿತು. ಇಬ್ಬರೂ ಅದನ್ನು ಸ್ವೀಕರಿಸಲು ನಿರಾಕರಿಸಿದರು. ಒಂದೇ ಕಪ್, ಎರಡು ರಾಜ್ಯ, ನಲವತ್ತೈದು ಪಟ್ಟು ವ್ಯತ್ಯಾಸ. ಗಡಿಯ ಈಚೆ-ಆಚೆ ಬಂಧುಗಳಿರುವ ಮುರುಮ, ಉಮರ್ಗಾದಂಥ ಊರುಗಳಲ್ಲಿ ಇದು ಬರೀ ಪತ್ರಿಕೆಯ ಸುದ್ದಿಯಲ್ಲ. ಗೌತಮ್, ಚೈತ್ರಾ ಅವರ ನಿರಾಕರಣೆ ಸರಿಯಾದದ್ದೇ. ಹಣದ ಮೊತ್ತಕ್ಕಿಂತ, ದೇಸಿ ಆಟದವರು ಕೊಟ್ಟಷ್ಟನ್ನು ಕಣ್ಣಿಗೊತ್ತಿಕೊಳ್ಳಬೇಕೆಂಬ ಹಳೆಯ ರೂಢಿಯನ್ನು ಅವರು ಮುರಿದರು.

ಏಷ್ಯಾ ಒಲಿಂಪಿಕ್ ಮಂಡಳಿ ಖೋ-ಖೋಗೆ 2018ರಲ್ಲೇ ಮನ್ನಣೆ ನೀಡಿದೆ. ಆದರೂ 2026ರ ಐಚಿ–ನಾಗೋಯಾ ಏಷ್ಯನ್ ಗೇಮ್ಸ್ ಪಟ್ಟಿಯಲ್ಲಿ ಕಬಡ್ಡಿ ಇದೆ, ಖೋ-ಖೋ ಇಲ್ಲ. ಭಾರತ ತಂಡದ ದೊಡ್ಡ ಗೆಲುವುಗಳಲ್ಲಿ ಹೆಚ್ಚಿನವು ಕೋಲ್ಕತ್ತ, ಇಂದೋರ್, ಗುವಾಹಟಿ, ತಮುಲಪುರ, ದೆಹಲಿಗಳಲ್ಲೇ ಬಂದಂಥವು. ಹೊರನಾಡಿನ ನೆಲದಲ್ಲಿ ಎಣಿಸಲು ಸಿಗುವುದು ಢಾಕಾ, ಕಠ್ಮಂಡು. ನೇಪಾಳ ತನ್ನ ಊರಿಗೆ, ದಕ್ಷಿಣ ಆಫ್ರಿಕಾ ತನ್ನ ಊರಿಗೆ ಈ ತಂಡವನ್ನು ವರ್ಷವರ್ಷ ಕರೆಸಿಕೊಳ್ಳುವಂತಾಗುವುದೇ ಮುಂದಿನ ಕೆಲಸ.