ರೈತನ ಕೈಯಲ್ಲಿ ಸ್ಪ್ಯಾನರು

ದಾರಿಯಲ್ಲಿ ಗಾಡಿ ಕೆಟ್ಟು ನಿಂತಾಗ ಬಾನೆಟ್ ಎತ್ತಿ ಒಳಗೆ ಇಣುಕಿ, ಏನೊಂದೂ ತಿಳಿಯದೆ ಮತ್ತೆ ಮುಚ್ಚಿದ ಅನುಭವ ನಮ್ಮಲ್ಲಿ ಅನೇಕರಿಗೆ ಉಂಟು. ದುಡ್ಡು ಕೊಟ್ಟು ಕೊಂಡ ವಸ್ತು ನಮ್ಮದು; ಅದರ ಒಳಗುಟ್ಟು ಮಾತ್ರ ಇನ್ನೊಬ್ಬರದು. ಇದು ಮೊದಲಿನಿಂದಲೂ ಹೀಗೆಯೇ ಇತ್ತೆ? ಇರಲಿಲ್ಲ. ಅದನ್ನು ತಿಳಿಯಲು ನೂರು ವರ್ಷ ಹಿಂದಿನ ಅಮೆರಿಕದ ರೈತರ ಕೊಟ್ಟಿಗೆಗೆ ಹೋಗಬೇಕು.

ಹೆನ್ರಿ ಫೋರ್ಡರ 'ಮಾಡೆಲ್ ಟಿ' ಕಾರು ಮಾರುಕಟ್ಟೆಗೆ ಬಂದದ್ದು 1908ರ ಅಕ್ಟೋಬರಿನಲ್ಲಿ. ಆಗ ಅದರ ಬೆಲೆ ಸುಮಾರು 850 ಡಾಲರು. 1913ರಲ್ಲಿ ಹೈಲೆಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಬಂದ ಮೇಲೆ, ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಚಾಸಿಯ ಜೋಡಣೆ ಕ್ರಮೇಣ ಒಂದೂವರೆ ಗಂಟೆಗೆ ಇಳಿಯಿತು. ಬೆಲೆಯೂ ಇಳಿಯುತ್ತ ಬಂದು, 1925ರ ಹೊತ್ತಿಗೆ ಅತಿ ಅಗ್ಗದ ಮಾದರಿ 260 ಡಾಲರಿಗೆ ದೊರೆಯುವಂತಾಯಿತು. 1927ರಲ್ಲಿ ತಯಾರಿಕೆ ನಿಲ್ಲುವ ವೇಳೆಗೆ ಒಂದೂವರೆ ಕೋಟಿ ಗಾಡಿಗಳು ಹೊರಬಿದ್ದಿದ್ದವು.

ಇವುಗಳಲ್ಲಿ ಬಹಳಷ್ಟನ್ನು ಕೊಂಡವರು ಹಳ್ಳಿಯವರು. ರೈತನಿಗೆ ಬೇಕಾದದ್ದು ಸವಾರಿಗಿಂತ ಹೆಚ್ಚಾಗಿ ಸಾಗಾಣಿಕೆ. ಆದ್ದರಿಂದ ಆತ ಕಾರಿನ ಹಿಂಭಾಗವನ್ನು ಕಿತ್ತು, ಮನೆಯಲ್ಲಿದ್ದ ಹಲಗೆಗಳಿಂದ ಪೆಟ್ಟಿಗೆ ಮಾಡಿ ಕೂರಿಸಿದ; ಹಾಲಿನ ಕ್ಯಾನು, ಧಾನ್ಯದ ಮೂಟೆ, ಹಂದಿಮರಿ ಎಲ್ಲವನ್ನೂ ಅದರಲ್ಲಿ ಹೇರಿದ. ಒಂದು ಟನ್ ಹೊರುವ 'ಟಿಟಿ' ಚಾಸಿಯನ್ನು ಕಂಪನಿ 1917ರಲ್ಲೇ ತಂದಿತ್ತು. ಆದರೆ ಕಾರ್ಖಾನೆಯಲ್ಲೇ ಸಿದ್ಧವಾದ ಪಿಕಪ್ಪನ್ನು ಅದು ಘೋಷಿಸಿದ್ದು 1925ರ ಏಪ್ರಿಲ್ 15ರಂದು. ಬೆಲೆ 281 ಡಾಲರು. ಹಿಂದೆ 56 ಅಂಗುಲ ಉದ್ದದ ಉಕ್ಕಿನ ಪೆಟ್ಟಿಗೆ, ಇಳಿಸಬಹುದಾದ ಹಿಂಬಾಗಿಲು, ಬಲವಾದ ಸ್ಪ್ರಿಂಗು. ರೈತರು ಗರಗಸ ಹಿಡಿದು ಮಾಡಿಕೊಂಡಿದ್ದನ್ನೇ ಕಂಪನಿ ತನ್ನ ಹೆಸರಿನಲ್ಲಿ ಮಾರಿತೆಂದರೆ ತಪ್ಪಾಗಲಾರದು.

ಈ ಗಾಡಿ ಕೆಟ್ಟರೆ ಗತಿಯೇನು? ಹತ್ತಿರದ ಮೆಕ್ಯಾನಿಕ್ ಎಷ್ಟೋ ಮೈಲಿ ದೂರ. ಆದರೆ ಯಂತ್ರ ಸರಳವಾಗಿತ್ತು. ನಾಲ್ಕು ಸಿಲಿಂಡರುಗಳ, ಇಪ್ಪತ್ತು ಅಶ್ವಶಕ್ತಿಯ ಎಂಜಿನ್. ಅದರ ತಲೆಯನ್ನು ಬೋಲ್ಟು ಬಿಚ್ಚಿ ಎತ್ತಿಡಬಹುದಿತ್ತು. ನೀರಿಗೆ ಪಂಪು ಬೇಕಿರಲಿಲ್ಲ. ಬಿಸಿನೀರು ತಾನೇ ಮೇಲೇರಿ, ರೇಡಿಯೇಟರಿನಲ್ಲಿ ತಣಿದು ಕೆಳಗಿಳಿಯುತ್ತಿತ್ತು. ಪೆಟ್ರೋಲಿಗೂ ಪಂಪಿಲ್ಲ, ಸೀಟಿನಡಿಯ ಟ್ಯಾಂಕಿನಿಂದ ಇಳಿಜಾರಿನಲ್ಲೇ ಹರಿದು ಬರಬೇಕು. ಆದ್ದರಿಂದ ಟ್ಯಾಂಕಿನಲ್ಲಿ ಎಣ್ಣೆ ಕಡಿಮೆಯಿದ್ದಾಗ ಕಡಿದಾದ ಗುಡ್ಡವನ್ನು ಹಿಮ್ಮುಖವಾಗಿ ಹತ್ತಿಸುತ್ತಿದ್ದರು! ಎಂಜಿನ್ ಆಯಿಲಿನ ಮಟ್ಟ ನೋಡಲು ಕಡ್ಡಿಯಿಲ್ಲ. ಗಾಡಿಯಡಿ ತೂರಿ ಎರಡು ಪುಟ್ಟ ನಲ್ಲಿಗಳನ್ನು ತಿರುಗಿಸಿ ನೋಡಬೇಕು.

ಬೇಗ ಸವೆಯುತ್ತಿದ್ದವು ಗೇರುಪೆಟ್ಟಿಗೆಯೊಳಗಿನ ಮೂರು ಪಟ್ಟಿಗಳು. ಪೆಡಲು ಒತ್ತಿದಾಗ ಹತ್ತಿಯ ಅಸ್ತರಿಯಿದ್ದ ಈ ಪಟ್ಟಿಗಳು ತಿರುಗುವ ಡ್ರಮ್ಮನ್ನು ಬಿಗಿಹಿಡಿಯುತ್ತಿದ್ದವು. ಒಂದು ನಿಧಾನ ಗತಿಗೆ, ಒಂದು ಹಿಮ್ಮುಖಕ್ಕೆ, ಮತ್ತೊಂದು ಬ್ರೇಕಿಗೆ. ಸಡಿಲವಾದರೆ ತಿರುಪು ಬಿಗಿಯಬೇಕು. ಪೂರ್ತಿ ಸವೆದರೆ ಮುಚ್ಚಳ ತೆಗೆದು ಹೊಸ ಅಸ್ತರಿ ಹಾಕಬೇಕು. ಕೆಲಸ ಮಾಡುವಾಗ ಕೈಜಾರಿದ ನಟ್ಟು ಗೇರುಪೆಟ್ಟಿಗೆಯೊಳಗೆ ಬಿದ್ದರೆ ಆ ದಿನ ಕಳೆದಂತೆಯೇ. ಬ್ರೇಕಿನ ಪಟ್ಟಿ ಕೈಕೊಟ್ಟರೆ ಹಿಮ್ಮುಖದ ಪೆಡಲು ಒತ್ತಿ ಗಾಡಿ ನಿಲ್ಲಿಸುತ್ತಿದ್ದುದೂ ಉಂಟು.

ಎಲ್ಲವೂ ಸುಖವಾಗಿತ್ತೆಂದಲ್ಲ. ಕಿಡಿಯ ಸನ್ನೆಕೋಲನ್ನು ಹಿಂದಕ್ಕೆ ಸರಿಸಲು ಮರೆತು ಹ್ಯಾಂಡಲ್ ತಿರುಗಿಸಿದವರ ಮಣಿಕಟ್ಟು ಮುರಿದದ್ದುಂಟು. ಆದರೂ ಕಲಿಯುವ ದಾರಿ ತೆರೆದಿತ್ತು. ಕಂಪನಿಯೇ ಪ್ರಶ್ನೋತ್ತರ ರೂಪದ ಕೈಪಿಡಿಯೊಂದನ್ನು ಮಾಲೀಕರಿಗಾಗಿ ಅಚ್ಚುಹಾಕಿಸಿತ್ತು. ಬಿಡಿಭಾಗಗಳು ಒಂದೇ ಅಚ್ಚಿನವು. ಸಿಯರ್ಸ್ ರೋಬಕ್ ಕಂಪನಿಯ ಕ್ಯಾಟಲಾಗಿನಿಂದಲೂ ಸಾಮಾನು ಅಂಚೆಯಲ್ಲಿ ತರಿಸಬಹುದಿತ್ತು. ಹಿಂದಿನ ಚಕ್ರವನ್ನು ಜಾಕಿನಿಂದ ಎತ್ತಿ, ಬೆಲ್ಟು ಹಾಕಿ, ಅದರಿಂದಲೇ ಕಟ್ಟಿಗೆ ಕೊಯ್ದ, ನೀರೆತ್ತಿದ ರೈತರೂ ಇದ್ದರು. ಗಾಡಿ ಅವರ ಪಾಲಿಗೆ ಗುಟ್ಟಿನ ಗಂಟಾಗಿರದೆ ನೇಗಿಲು ಕುಡುಗೋಲುಗಳ ಜೊತೆಯದಾಗಿತ್ತು.

ಇಂದು ಚಿತ್ರ ಬದಲಾಗಿದೆ. ಎಂಜಿನ್ನನ್ನು ಕಂಪ್ಯೂಟರು ಆಳುತ್ತದೆ. ಅದರಿಂದ ಹೊಗೆ ಕಡಿಮೆಯಾಗಿದೆ, ಸುರಕ್ಷತೆ ಹೆಚ್ಚಿದೆ. ಆದರೆ ದೋಷವನ್ನು ಓದುವ ಸಾಧನವೇ ಮಾಲೀಕನಿಗೆ ಸಿಗದೆ ಹೋಗಬಹುದು. ಇದರ ವಿರುದ್ಧ ಅಮೆರಿಕದಲ್ಲೇ ಮತ್ತೆ ದನಿಯೆದ್ದಿದೆ. ವಾಹನ ದುರಸ್ತಿಯ ಮಾಹಿತಿ ಮಾಲೀಕರಿಗೂ ಸ್ವತಂತ್ರ ಗ್ಯಾರೇಜುಗಳಿಗೂ ದೊರೆಯಬೇಕೆಂದು ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ತೀರ್ಪಿತ್ತರು. ರೈತರಿಗೆ ತಮ್ಮ ಯಂತ್ರಗಳನ್ನು ತಾವೇ ರಿಪೇರಿ ಮಾಡಿಕೊಳ್ಳುವ ಹಕ್ಕನ್ನು ಕೊಲೊರಾಡೊ ರಾಜ್ಯ 2023ರ ಕಾಯಿದೆಯಿಂದ ಕೊಟ್ಟಿತು. ನಮ್ಮ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರ ಜುಲೈಯಲ್ಲಿ ಈ ವಿಷಯಕ್ಕೆಂದು ಸಮಿತಿ ನೇಮಿಸಿತು. ಕೃಷಿಯಂತ್ರಗಳೂ ವಾಹನಗಳೂ ಅದರ ಪಟ್ಟಿಯಲ್ಲಿವೆ.

ಈ ಪ್ರಶ್ನೆ ನಮಗೆ ದೂರದ್ದಲ್ಲ. ಮುಂಬಯಿಯ ಕಪ್ಪು-ಹಳದಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು 2023ರಲ್ಲಿ ರಸ್ತೆಯಿಂದ ಮರೆಯಾದವು. ಅಷ್ಟು ವರ್ಷ ಅವನ್ನು ಓಡಿಸಿದ್ದು ಬೀದಿಬದಿಯ ಮಿಸ್ತ್ರಿಗಳ ಕೈಚಳಕ. ಊರು ಬಿಟ್ಟು ಬಂದ ನಮಗೆ, ಕೈಕಸುಬಿದ್ದವನು ಪರಸ್ಥಳದಲ್ಲೂ ಅನ್ನಕ್ಕೆ ಅಂಜಬೇಕಿಲ್ಲವೆಂಬುದು ತಿಳಿದ ಮಾತು. ನಮ್ಮ ಮಕ್ಕಳು ಒಂದು ಹಳೆಯ ಯಂತ್ರವನ್ನು ಬಿಚ್ಚಿ ಕೂತರೆ ಗದರಬೇಡಿ. ಬಿಚ್ಚಿದ್ದನ್ನು ಮತ್ತೆ ಜೋಡಿಸಲು ಮಾತ್ರ ಹೇಳಿ.