ಕಿತ್ತೂರು ಕೋಟೆ ಮತ್ತು ಸವದತ್ತಿಯ ಹೊಂಡಗಳು (ಒಂದು ದಿನದ ಪ್ರವಾಸ)

ಕಿತ್ತೂರಿನ ಪಾಳುಬಿದ್ದ ಕೋಟೆ, ಬೈಲಹೊಂಗಲದಲ್ಲಿರುವ ರಾಣಿ ಚೆನ್ನಮ್ಮನ ಸಮಾಧಿ ಮತ್ತು ಸವದತ್ತಿಯ ಯಲ್ಲಮ್ಮನ ಗುಡ್ಡದ ಹೊಂಡಗಳು ಬೆಳಗಾವಿ ಜಿಲ್ಲೆಯಲ್ಲಿ ಒಂದೇ ದಿನದಲ್ಲಿ ನೋಡಿ ಮರಳಬಹುದಾದ ಸ್ಥಳಗಳು. ಕಿತ್ತೂರು ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯ ಮೇಲೆ, ಬೆಳಗಾವಿ ಮತ್ತು ಧಾರವಾಡಗಳ ನಡುವೆ ಇರುವುದರಿಂದ ಪ್ರವಾಸವನ್ನು ಅಲ್ಲಿಂದ ಆರಂಭಿಸುವುದು ಅನುಕೂಲ. ಕಿತ್ತೂರಿನಿಂದ ಬೈಲಹೊಂಗಲಕ್ಕೆ ನಡೆಯುವ ಹಾದಿಗೆ ಇತಿಹಾಸದ ಕ್ರಮವೂ ಇದೆ: ಸೋತ ರಾಣಿಯನ್ನು ಸೆರೆಯಲ್ಲಿಡಲು ಒಯ್ದದ್ದು ಅದೇ ಊರಿಗೆ.

ಕಿತ್ತೂರು ಕೋಟೆ

ಕೋಟೆಯನ್ನು 17ನೆಯ ಶತಮಾನದ ಉತ್ತರಾರ್ಧದಲ್ಲಿ ಕಿತ್ತೂರು ದೇಸಾಯಿ ಮನೆತನದ ಅಲ್ಲಪ್ಪಗೌಡ ಸರದೇಸಾಯಿ ಕಟ್ಟಿಸಿದನು. ಇಂದು ಅರಮನೆಗೆ ಚಾವಣಿಯಿಲ್ಲ. ಮೊಂಡಾದ ಗೋಡೆಗಳು ಮತ್ತು ಅಡಿಪಾಯಗಳಷ್ಟೇ ಉಳಿದಿದ್ದು, ದರ್ಬಾರಿನ ಸ್ಥಳ, ಊಟದ ಮನೆ, ಸ್ನಾನಗೃಹ ಮತ್ತು ಬಾವಿಗಳನ್ನು ಅವುಗಳಿಂದಲೇ ಗುರುತಿಸಬೇಕಾಗುತ್ತದೆ. ಧ್ರುವ ನಕ್ಷತ್ರವನ್ನು ನೋಡಲೆಂದು ಗೋಡೆಯಲ್ಲಿ ಬಿಟ್ಟಿದ್ದೆನ್ನಲಾದ ದುಂಡನೆಯ ರಂಧ್ರದ ಬಳಿ ನೋಡುಗರು ಹೆಚ್ಚು ಹೊತ್ತು ನಿಲ್ಲುತ್ತಾರೆ.

1824ರ ಸೆಪ್ಟೆಂಬರ್‌ನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ದತ್ತು ಸ್ವೀಕಾರವನ್ನು ಒಪ್ಪದ ಧಾರವಾಡದ ಕಲೆಕ್ಟರ್ ಥ್ಯಾಕರೆ ಖಜಾನೆಗೆ ಮುದ್ರೆ ಹಾಕಿಸಿ, ಸೈನ್ಯದೊಡನೆ ಕೋಟೆಯೆದುರು ಬಂದನು. ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಅವನು ಹತನಾದನು. ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಡಿಸೆಂಬರ್ ಮೊದಲ ವಾರದಲ್ಲಿ ದೊಡ್ಡ ಸೈನ್ಯ ಮತ್ತೆ ಬಂದು ಕೋಟೆಯನ್ನು ವಶಪಡಿಸಿಕೊಂಡಿತು. ಈ ಪಾಳನ್ನು ಕಾಲದ ಹೊಡೆತವೆಂದು ಮಾತ್ರ ಓದಲಾಗದು. ಇದು ಒಂದು ಸಂಸ್ಥಾನ ಕೊನೆಗೊಂಡ ರೀತಿಯ ಗುರುತೂ ಹೌದು.

ಕೋಟೆಯ ಆವರಣದಲ್ಲಿ ವಸ್ತುಸಂಗ್ರಹಾಲಯವಿದೆ. ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಮೊದಲ ವಿಜಯದ ನೆನಪಿಗೆ ಕಿತ್ತೂರು ಉತ್ಸವ ನಡೆಯುತ್ತದೆ. ದೇಸಾಯಿ ಮನೆತನದವರ ಸಮಾಧಿಗಳು ಊರಿನ ಕಲ್ಮಠದಲ್ಲಿವೆ. ಚೆನ್ನಮ್ಮನದು ಮಾತ್ರ ಅಲ್ಲಿಲ್ಲ.

ಬೈಲಹೊಂಗಲ

ಸೆರೆಯಾದ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಬಂಧನದಲ್ಲಿದ್ದು, 1829ರ ಫೆಬ್ರುವರಿ 2ರಂದು ಅಲ್ಲಿಯೇ ತೀರಿಕೊಂಡಳು. ಸಮಾಧಿ ಪಟ್ಟಣದಲ್ಲಿಯೇ ಇದೆ. ಅವಳ ನಿಧನದ ನಂತರವೂ ಹೋರಾಟ ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ರಾಯಣ್ಣನ ಊರಾದ ಸಂಗೊಳ್ಳಿಯೂ ಇದೇ ತಾಲ್ಲೂಕಿನದು.

ಸವದತ್ತಿಯ ಹೊಂಡಗಳು

ಶಾಸನಗಳ ಸುಗಂಧವರ್ತಿಯೇ ಇಂದಿನ ಸವದತ್ತಿ; ರಟ್ಟರು ಬೆಳಗಾವಿಗೆ ತೆರಳುವ ಮೊದಲು ಇದು ಅವರ ರಾಜಧಾನಿಯಾಗಿತ್ತು. ಪಟ್ಟಣದಲ್ಲಿ ಸಿರಸಂಗಿ ದೇಸಾಯಿಯವರು 18ನೆಯ ಶತಮಾನದಲ್ಲಿ ಕಟ್ಟಿಸಿದ ಕೋಟೆಯಿದೆ. ಕಿತ್ತೂರಿನ ಅರಮನೆಯನ್ನು ಕಂಡುಬಂದವರಿಗೆ ಇದರ ಕೊತ್ತಲಗಳು ಗಟ್ಟಿಯಾಗಿಯೇ ತೋರುತ್ತವೆ.

ರೇಣುಕಾ ಯಲ್ಲಮ್ಮನ ಗುಡ್ಡವು ಪಟ್ಟಣದಿಂದ ಸುಮಾರು 5 ಕಿ.ಮೀ. ದೂರದಲ್ಲಿದೆ. ಗುಡ್ಡಕ್ಕೆ ಬರುವ ಭಕ್ತರು ಜೋಗುಳಬಾವಿಯಲ್ಲಿ ಮಿಂದು ದರ್ಶನಕ್ಕೆ ಹೋಗುವುದು ಹಿಂದಿನಿಂದ ಬಂದ ರೂಢಿ. ಪತಿ ಜಮದಗ್ನಿಯ ಶಾಪದಿಂದ ಚರ್ಮರೋಗಕ್ಕೆ ತುತ್ತಾದ ರೇಣುಕೆಯು ಎಕ್ಕಯ್ಯ, ಜೋಗಯ್ಯರೆಂಬ ಸಿದ್ಧರ ಉಪದೇಶದಂತೆ ಮಿಂದು ಗುಣ ಹೊಂದಿದಳೆಂಬ ಸ್ಥಳಪುರಾಣವೇ ಈ ನೀರಿನ ಮೇಲಿನ ನಂಬಿಕೆಗೆ ಮೂಲ. ದೇವಾಲಯದ ಬಳಿಯ ಎಣ್ಣೆಹೊಂಡವೂ ಭಕ್ತರು ಮೀಯುವ ಸ್ಥಳ. ಕುಂಕುಮ ಕುಂಡ ಮೊದಲಾದ ಬೇರೆ ಕುಂಡಗಳೂ ಇವೆ. ಕಿತ್ತೂರಿನ ಸ್ನಾನಗೃಹ ನೋಡುವುದಕ್ಕಷ್ಟೇ ಉಳಿದಿದೆ; ಇಲ್ಲಿಯ ನೀರು ಇಂದಿಗೂ ಬಳಕೆಯಲ್ಲಿದೆ.

ಈ ಕ್ಷೇತ್ರದೊಡನೆ ಬೆಸೆದಿದ್ದ, ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿಸುವ ಪದ್ಧತಿಯನ್ನು ಕರ್ನಾಟಕ ಸರ್ಕಾರದ 1982ರ ಕಾಯ್ದೆ ನಿಷೇಧಿಸಿದೆ.

ಪ್ರಯಾಣ

ಕಿತ್ತೂರಿನ ಪಾಳಿನಲ್ಲಿ ನೆರಳು ಕಡಿಮೆ. ಬೆಳಗಿನಲ್ಲಿಯೇ ನೋಡುವುದು ಲೇಸು. ಮಂಗಳವಾರ ಮತ್ತು ಶುಕ್ರವಾರ ಗುಡ್ಡದಲ್ಲಿ ಜನಸಂದಣಿ ಹೆಚ್ಚು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಜಾತ್ರೆಯಲ್ಲಿ ಚಕ್ಕಡಿ, ವಾಹನಗಳ ಸಾಲಿನ ನಡುವೆ ಒಂದೇ ದಿನದಲ್ಲಿ ಮೂರೂ ಊರು ಮುಗಿಸುವುದು ಕಷ್ಟ. ಸಮಯ ಉಳಿದರೆ ಮಲಪ್ರಭಾ ನದಿಗೆ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟನ್ನು ನೋಡಬಹುದು. ರಾಮದುರ್ಗದ ಕಡೆಯ ಶಬರಿಕೊಳ್ಳಕ್ಕೆ ಇನ್ನೊಂದು ದಿನ ಬೇಕು.