ಬ್ಯಾಟರಿ ಕೆಟ್ಟ ಮೇಲೆ ಲ್ಯಾಪ್‌ಟಾಪ್ ನಿಧಾನವಾಗುವುದೇಕೆ?

ಲ್ಯಾಪ್‌ಟಾಪ್‌ನ ಬ್ಯಾಟರಿ ಹಾಳಾದರೆ ನಮ್ಮಲ್ಲಿ ಹೆಚ್ಚಿನವರು ತಲೆಕೆಡಿಸಿಕೊಳ್ಳುವುದಿಲ್ಲ. ಚಾರ್ಜರ್ ಸಿಕ್ಕಿಸಿಕೊಂಡೇ ಕೆಲಸ ಮಾಡಿದರಾಯಿತು, ಕರೆಂಟ್ ಹೋದಾಗ ಮಾತ್ರ ತೊಂದರೆ ಎಂದು ಸುಮ್ಮನಾಗುತ್ತಾರೆ. ಆಮೇಲೆ ಕೆಲವರಿಗೆ ವಿಚಿತ್ರ ಅನುಭವವಾಗುತ್ತದೆ. ಯಂತ್ರ ತೆವಳತೊಡಗುತ್ತದೆ. ಬ್ರೌಸರ್ ತೆರೆಯಲು ನಿಮಿಷಗಟ್ಟಲೆ ಬೇಕು, ವಿಡಿಯೋ ನಿಂತು ನಿಂತು ಓಡುತ್ತದೆ. ವೈರಸ್ ಬಂದಿರಬೇಕು ಎಂದು ಫಾರ್ಮ್ಯಾಟ್ ಮಾಡಿಸುತ್ತಾರೆ. ಆದರೂ ಯಂತ್ರ ನಿಧಾನವೇ. ಕೊನೆಗೆ 'ಹಳೆಯದಾಯಿತು' ಎಂದು ಹೊಸ ಲ್ಯಾಪ್‌ಟಾಪ್ ಕೊಳ್ಳುತ್ತಾರೆ.

ಬ್ಯಾಟರಿಗೂ ವೇಗಕ್ಕೂ ನಿಜವಾಗಿ ಸಂಬಂಧವಿದೆಯೇ? ಇದೆ. ಇಂಥ ಎಷ್ಟೋ ಸಂದರ್ಭಗಳಲ್ಲಿ ಯಂತ್ರ ಕೆಟ್ಟಿರುವುದಿಲ್ಲ, ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿಕೊಂಡಿರುತ್ತದೆ. ಅದು ಹೇಗೆ, ಮನೆಯಲ್ಲೇ ಅದನ್ನು ಪತ್ತೆ ಹಚ್ಚುವುದು ಹೇಗೆ ಎಂದು ನೋಡೋಣ.

ಬ್ಯಾಟರಿಗೆ ಇನ್ನೊಂದು ಕೆಲಸವೂ ಇದೆ

ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೆನಪಿಸಿಕೊಳ್ಳಿ. ಮೋಟಾರು ನೀರನ್ನು ಒಂದೇ ಹದದಲ್ಲಿ ಮೇಲಕ್ಕೆತ್ತುತ್ತದೆ. ಬೆಳಗ್ಗೆ ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತಿರುಗಿಸಿದಾಗ ಬೇಕಾಗುವ ಹೆಚ್ಚುವರಿ ನೀರು ಟ್ಯಾಂಕಿನಿಂದ ಬರುತ್ತದೆ. ಟ್ಯಾಂಕ್ ಇಲ್ಲದೆ ಮೋಟಾರಿನಿಂದಲೇ ನಲ್ಲಿಗಳಿಗೆ ನೀರು ಬಿಟ್ಟರೆ, ಒಂದು ನಲ್ಲಿ ತೆರೆದಾಗ ಇನ್ನೊಂದರಲ್ಲಿ ನೀರು ಸಣ್ಣಗಾಗುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಚಾರ್ಜರ್ ಮೋಟಾರಿನ ಹಾಗೆ, ಬ್ಯಾಟರಿ ಟ್ಯಾಂಕಿನ ಹಾಗೆ. ಇಂದಿನ ಪ್ರೊಸೆಸರ್‌ಗಳು ಸುಮ್ಮನಿರುವಾಗ ಅತಿ ಕಡಿಮೆ ವಿದ್ಯುತ್ ಬಳಸುತ್ತವೆ, ಕೆಲಸ ಬಿದ್ದಾಗ ಒಮ್ಮೆಲೇ ಬಹಳಷ್ಟು ಎಳೆಯುತ್ತವೆ. ಉದಾಹರಣೆಗೆ, ಇಂಟೆಲ್‌ನ 12ನೇ ತಲೆಮಾರಿನ ಕೋರ್ ಐ5-1235ಯು ಪ್ರೊಸೆಸರ್‌ನ ಮೂಲ ಬಳಕೆ 15 ವ್ಯಾಟ್. ಆದರೆ ಟರ್ಬೊ ವೇಗದಲ್ಲಿ ಅದು ಸ್ವಲ್ಪ ಹೊತ್ತು 55 ವ್ಯಾಟ್‌ವರೆಗೆ ಎಳೆಯಬಲ್ಲದು. ಇದರ ಮೇಲೆ ಪರದೆ, ಫ್ಯಾನ್, ಯುಎಸ್‌ಬಿ ಸಾಧನಗಳೂ ಇವೆ. ಹಗುರವಾದ ಲ್ಯಾಪ್‌ಟಾಪ್‌ಗಳ ಜೊತೆ ಬರುವ 45 ಅಥವಾ 65 ವ್ಯಾಟ್ ಚಾರ್ಜರ್‌ಗೆ ಆ ಕ್ಷಣದ ಬೇಡಿಕೆ ಭಾರವಾದಾಗ, ಹಲವು ಮಾದರಿಗಳಲ್ಲಿ ಬ್ಯಾಟರಿ ಕೈಜೋಡಿಸುತ್ತದೆ.

ಬ್ಯಾಟರಿ ಹಳೆಯದಾದಂತೆ ಅದರ ಒಳಗಿನ ಪ್ರತಿರೋಧ ಹೆಚ್ಚುತ್ತದೆ. ಆಗ ಒಮ್ಮೆಲೇ ಹೆಚ್ಚು ವಿದ್ಯುತ್ ಕೇಳಿದರೆ ವೋಲ್ಟೇಜ್ ಕುಸಿದು ಕಂಪ್ಯೂಟರ್ ತಟ್ಟನೆ ಆರಿಹೋಗಬಹುದು. ಹಾಗಾಗದಿರಲೆಂದು ಲ್ಯಾಪ್‌ಟಾಪ್‌ನ ಒಳಗಿನ ನಿಯಂತ್ರಣ ವ್ಯವಸ್ಥೆ ಪ್ರೊಸೆಸರ್‌ನ ವೇಗವನ್ನು ಮೊದಲೇ ಕಡಿಮೆ ಮಾಡುತ್ತದೆ. ಬ್ಯಾಟರಿಯನ್ನು ಹೊರತೆಗೆಯಲು ಬರುತ್ತಿದ್ದ ಕಾಲದ ಮ್ಯಾಕ್‌ಬುಕ್‌ಗಳಲ್ಲಿ, ಬ್ಯಾಟರಿ ತೆಗೆದು ಬರೀ ಚಾರ್ಜರ್‌ನಲ್ಲಿ ಓಡಿಸಿದರೆ ವೇಗ ತಾನಾಗಿ ಕಡಿಮೆಯಾಗುತ್ತದೆ ಎಂದು ಆಪಲ್ ಕಂಪನಿಯೇ ತಿಳಿಸಿತ್ತು.

ಐಫೋನ್ ವಿಷಯದಲ್ಲಿ ಇದೇ ಸಂಗತಿ ಜಗತ್ತಿನಾದ್ಯಂತ ಸುದ್ದಿಯಾಯಿತು. ಬ್ಯಾಟರಿ ಹಳೆಯದಾದ ಕೆಲವು ಐಫೋನ್‌ಗಳ ವೇಗವನ್ನು ತಂತ್ರಾಂಶದ ಮೂಲಕ ತಗ್ಗಿಸುತ್ತಿರುವುದನ್ನು ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಫೋನ್ ಇದ್ದಕ್ಕಿದ್ದಂತೆ ಆಫ್ ಆಗುವುದನ್ನು ತಪ್ಪಿಸುವುದು ತನ್ನ ಉದ್ದೇಶ ಎಂದಿತು. ಬಳಕೆದಾರರಿಗೆ ಸರಿಯಾಗಿ ತಿಳಿಸದ್ದಕ್ಕೆ ಕ್ಷಮೆ ಕೇಳಿ, ಬ್ಯಾಟರಿ ಬದಲಿಸುವ ಶುಲ್ಕವನ್ನು 79 ಡಾಲರ್‌ನಿಂದ 29 ಡಾಲರ್‌ಗೆ ಇಳಿಸಿತು. ಹೊಸ ಬ್ಯಾಟರಿ ಹಾಕಿದ ಫೋನ್‌ಗಳು ಮತ್ತೆ ಮೊದಲಿನ ವೇಗಕ್ಕೆ ಬಂದವು.

ಫಾರ್ಮ್ಯಾಟ್ ಮಾಡಿದರೂ ಸರಿಹೋಗದಿರುವುದೇಕೆ?

ಲ್ಯಾಪ್‌ಟಾಪ್‌ಗಳಲ್ಲಿ ಈ ಮಿತಿಯನ್ನು ಹಾಕುವುದು ವಿಂಡೋಸ್ ಅಲ್ಲ, ಮದರ್‌ಬೋರ್ಡ್ ಮೇಲಿರುವ ಚಿಪ್ ಮತ್ತು ಅದರೊಳಗಿನ ಫರ್ಮ್‌ವೇರ್. ಆದ್ದರಿಂದ ವಿಂಡೋಸ್ ಅಳಿಸಿ ಮತ್ತೆ ಹಾಕಿದರೂ ಮಿತಿ ಹಾಗೆಯೇ ಉಳಿಯುತ್ತದೆ. ಬ್ಯಾಕಪ್ ಇಲ್ಲದ ಫೋಟೋ, ದಾಖಲೆಗಳು ಮಾತ್ರ ಹೋಗುತ್ತವೆ. ಹಾಗಾಗಿ ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ.

1. ವೇಗ ಎಷ್ಟಿದೆ ನೋಡಿ

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ 'ಪರ್ಫಾರ್ಮೆನ್ಸ್', ನಂತರ 'ಸಿಪಿಯು' ಆರಿಸಿ. ಅಲ್ಲಿ 'ಸ್ಪೀಡ್' ಮತ್ತು 'ಬೇಸ್ ಸ್ಪೀಡ್' ಎಂಬ ಎರಡು ಸಂಖ್ಯೆಗಳಿರುತ್ತವೆ. ಈಗ ಒಂದು ವಿಡಿಯೋ ಹಾಕಿ, ನಾಲ್ಕಾರು ಪುಟಗಳನ್ನು ತೆರೆದು ಯಂತ್ರಕ್ಕೆ ಕೆಲಸ ಕೊಡಿ.

ಕೆಲಸ ಹೆಚ್ಚಿದಾಗ ಸ್ಪೀಡ್ ಕೂಡ ಏರಬೇಕು. ಹಾಗಾಗದೆ ಅದು 0.4 ಅಥವಾ 0.8 ಗಿಗಾಹರ್ಟ್ಸ್‌ನಂಥ ಕಡಿಮೆ ಅಂಕಿಯಲ್ಲೇ ಅಂಟಿಕೊಂಡಿದ್ದರೆ, ಯಂತ್ರ ವಿದ್ಯುತ್ ಅಥವಾ ಬಿಸಿಯ ಕಾರಣಕ್ಕೆ ವೇಗ ತಗ್ಗಿಸಿಕೊಂಡಿದೆ ಎಂದು ಅರ್ಥ. ಸ್ಪೀಡ್ ಸರಿಯಾಗಿದ್ದು 'ಮೆಮೊರಿ' ಅಥವಾ 'ಡಿಸ್ಕ್' ಬಳಕೆ ಸದಾ ಶೇ. 100ರ ಹತ್ತಿರ ಇದ್ದರೆ ಬ್ಯಾಟರಿಯನ್ನು ದೂರಬೇಕಾಗಿಲ್ಲ. ಆಗ ಸಮಸ್ಯೆ ರ್‍ಯಾಮ್, ಹಾರ್ಡ್ ಡಿಸ್ಕ್ ಅಥವಾ ಹಿನ್ನೆಲೆಯಲ್ಲಿ ಓಡುತ್ತಿರುವ ತಂತ್ರಾಂಶದ್ದು.

2. ಚಾರ್ಜರ್ ಪರೀಕ್ಷಿಸಿ

'ಬ್ಯಾಟರಿ ಸಮಸ್ಯೆ' ಎಂದುಕೊಂಡದ್ದು ಕೆಲವೊಮ್ಮೆ ಚಾರ್ಜರ್‌ನ ಸಮಸ್ಯೆಯಾಗಿರುತ್ತದೆ. ಡೆಲ್, ಎಚ್‌ಪಿಯಂಥ ಕಂಪನಿಗಳ ಅನೇಕ ಚಾರ್ಜರ್‌ಗಳ ಪಿನ್ನಿನ ನಡುವೆ ಸೂಜಿಯಂಥ ತೆಳುವಾದ ಕಡ್ಡಿ ಇರುತ್ತದೆ. 'ನಾನು ಇಷ್ಟು ವ್ಯಾಟ್‌ನ ಚಾರ್ಜರ್' ಎಂದು ಲ್ಯಾಪ್‌ಟಾಪ್‌ಗೆ ತಿಳಿಸುವುದು ಅದೇ. ಆ ಕಡ್ಡಿ ಬಾಗಿದರೆ, ವೈರ್ ಒಳಗೆ ತುಂಡಾದರೆ ಅಥವಾ ಅಗ್ಗದ ಡೂಪ್ಲಿಕೇಟ್ ಚಾರ್ಜರ್ ಹಾಕಿದರೆ ಲ್ಯಾಪ್‌ಟಾಪ್‌ಗೆ ಅದರ ಗುರುತು ಸಿಗುವುದಿಲ್ಲ. ಆಗ ಯಂತ್ರ ಆನ್ ಆಗುತ್ತದೆ, ಆದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ವೇಗವೂ ಕುಸಿಯುತ್ತದೆ. ಆನ್ ಮಾಡುವಾಗ ಚಾರ್ಜರ್ ಗುರುತಿಸಲಾಗಲಿಲ್ಲ ಎಂಬ ಸಂದೇಶ ಬಂದರೆ ಅಲಕ್ಷಿಸಬೇಡಿ.

ಚಾರ್ಜರ್ ಮೇಲೆ ಬರೆದಿರುವ ಔಟ್‌ಪುಟ್ ವೋಲ್ಟ್ ಮತ್ತು ಆಂಪಿಯರ್‌ಗಳನ್ನು ಗುಣಿಸಿ. 19.5 ವೋಲ್ಟ್, 3.34 ಆಂಪಿಯರ್ ಎಂದಿದ್ದರೆ ಅದು ಸುಮಾರು 65 ವ್ಯಾಟ್. ನಿಮ್ಮ ಲ್ಯಾಪ್‌ಟಾಪ್‌ಗೆ ಬೇಕಾದಷ್ಟು ವ್ಯಾಟ್ ಇದೆಯೇ ನೋಡಿ. ಟೈಪ್-ಸಿ ಲ್ಯಾಪ್‌ಟಾಪ್‌ಗೆ 20 ವ್ಯಾಟ್‌ನ ಫೋನ್ ಚಾರ್ಜರ್ ಸಾಲದು. ಸಾಧ್ಯವಾದರೆ ಅದೇ ಮಾದರಿಯ ಇನ್ನೊಂದು ಅಸಲಿ ಚಾರ್ಜರ್ ಹಾಕಿ ನೋಡಿ. ವೇಗ ಮರಳಿದರೆ ಕಳ್ಳ ಸಿಕ್ಕಂತೆ.

3. ಉಳಿದ ವಿದ್ಯುತ್ ಹೊರಹಾಕಿ

ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆಯಿರಿ. ಬ್ಯಾಟರಿ ಹೊರಗೆ ತೆಗೆಯುವಂಥದ್ದಾದರೆ ಅದನ್ನೂ ತೆಗೆಯಿರಿ. ಪವರ್ ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿದು, ನಂತರ ಎಲ್ಲವನ್ನೂ ಮರುಜೋಡಿಸಿ ಆನ್ ಮಾಡಿ. ಹಲವು ಮಾದರಿಗಳಲ್ಲಿ ಇದರಿಂದ ವಿದ್ಯುತ್ ನಿಯಂತ್ರಿಸುವ ಚಿಪ್ ಹೊಸದಾಗಿ ಲೆಕ್ಕ ಶುರುಮಾಡುತ್ತದೆ. ಕಡತಗಳಿಗೆ ಏನೂ ಆಗುವುದಿಲ್ಲ. ಇದೇ ವೇಳೆ ಸೆಟ್ಟಿಂಗ್ಸ್‌ನಲ್ಲಿ 'ಪವರ್ ಮೋಡ್' ಉಳಿತಾಯದ ಸ್ಥಿತಿಯಲ್ಲಿ ನಿಂತಿದೆಯೇ ಎಂದೂ ಗಮನಿಸಿ.

4. ಬ್ಯಾಟರಿಯ ಆರೋಗ್ಯ ತಿಳಿಯಿರಿ

ಲ್ಯಾಪ್‌ಟಾಪ್ ತಯಾರಕರು ಕೊಡುವ ಆ್ಯಪ್‌ಗಳಲ್ಲಿ ಅಥವಾ ವಿಂಡೋಸ್‌ನ 'ಬ್ಯಾಟರಿ ರಿಪೋರ್ಟ್'ನಲ್ಲಿ ಎರಡು ಅಂಕಿಗಳು ಸಿಗುತ್ತವೆ. ಒಂದು ಹೊಸದಾಗಿದ್ದಾಗಿನ ಸಾಮರ್ಥ್ಯ, ಇನ್ನೊಂದು ಈಗ ಪೂರ್ತಿ ಚಾರ್ಜ್ ಆದಾಗಿನ ಸಾಮರ್ಥ್ಯ. ಮೊದಲನೆಯದು 50,000, ಎರಡನೆಯದು 20,000 ಎಂದಿದ್ದರೆ ಬ್ಯಾಟರಿಯಲ್ಲಿ ಉಳಿದಿರುವುದು ಶೇ. 40 ಮಾತ್ರ. ಅದನ್ನು ಬದಲಿಸುವ ಕಾಲ ಬಂದಿದೆ.

ಬ್ಯಾಟರಿ ಬದಲಿಸಿದ ಮೇಲೆಯೇ ನಿಧಾನವಾಗಿದ್ದರೆ? ಹೊಸ ಬ್ಯಾಟರಿಯ ಕನೆಕ್ಟರ್ ಸಡಿಲವಾಗಿರಬಹುದು, ಬ್ಯಾಟರಿ ನಕಲಿಯಾಗಿದ್ದು ಯಂತ್ರದೊಂದಿಗೆ ಸರಿಯಾಗಿ ಮಾತಾಡದಿರಬಹುದು, ಅಥವಾ ಬಿಚ್ಚಿ ಜೋಡಿಸುವಾಗ ಫ್ಯಾನಿನ ವೈರ್ ಕಳಚಿರಬಹುದು. ಫ್ಯಾನ್ ಸದ್ದೇ ಇಲ್ಲದೆ ಯಂತ್ರ ಸುಡುತ್ತಿದ್ದರೆ ಅಂಗಡಿಯವರಿಗೆ ಮರಳಿ ತೋರಿಸಿ.

ಇಲ್ಲಿ ಸಾಹಸ ಬೇಡ

ವೇಗದ ಮಿತಿಯನ್ನು ಬಲವಂತವಾಗಿ ತೆಗೆಯುವ ತಂತ್ರಾಂಶಗಳಿವೆ. ಇಂಟರ್ನೆಟ್‌ನ ವಿಡಿಯೋಗಳಲ್ಲಿ ಅವನ್ನು ಸುಲಭ ಪರಿಹಾರವೆಂದು ತೋರಿಸುತ್ತಾರೆ. ಪದೇಪದೇ ಟ್ರಿಪ್ ಆಗುವ ಎಂಸಿಬಿಗೆ ತಂತಿ ಸುತ್ತಿದಂತಿದು: ಎಚ್ಚರಿಕೆ ನಿಲ್ಲುತ್ತದೆ, ಅಪಾಯ ನಿಲ್ಲುವುದಿಲ್ಲ. ಕಾರಣ ತಿಳಿಯದೆ ಅವನ್ನು ಬಳಸಬೇಡಿ.

ಇನ್ನೂ ಮುಖ್ಯವಾದದ್ದು ಬ್ಯಾಟರಿಯ ಉಬ್ಬು. ಲಿಥಿಯಂ ಬ್ಯಾಟರಿ ಕೆಟ್ಟಾಗ ಒಳಗೆ ಅನಿಲ ತುಂಬಿ ಊದಿಕೊಳ್ಳಬಹುದು. ಟಚ್‌ಪ್ಯಾಡ್ ಒತ್ತಲು ಬಾರದಿರುವುದು ಅಥವಾ ಮೇಲೆದ್ದಿರುವುದು, ಲ್ಯಾಪ್‌ಟಾಪ್ ಮೇಜಿನ ಮೇಲೆ ಸಮನಾಗಿ ಕೂರದಿರುವುದು, ಮುಚ್ಚಳದ ಅಂಚು ಬಿಟ್ಟುಕೊಳ್ಳುವುದು ಇದರ ಲಕ್ಷಣಗಳು. ಇವುಗಳಲ್ಲಿ ಒಂದು ಕಂಡರೂ ಮೇಲಿನ ಯಾವ ಪರೀಕ್ಷೆಯನ್ನೂ ಮಾಡಬೇಡಿ. ಚಾರ್ಜರ್ ತೆಗೆದು, ಯಂತ್ರ ಆಫ್ ಮಾಡಿ, ಹಾಸಿಗೆ, ಪರದೆಗಳಿಂದ ದೂರವಿಡಿ. ಉಬ್ಬನ್ನು ಒತ್ತುವುದು, ಚುಚ್ಚುವುದು ಬೇಡ, ಬೆಂಕಿ ಹೊತ್ತಿಕೊಳ್ಳಬಹುದು. ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿ ತೆಗೆಸಿ, ಹಳೆಯದನ್ನು ಮನೆಯ ಕಸದ ಬದಲು ಇ-ತ್ಯಾಜ್ಯಕ್ಕೆ ಕೊಡಿ. ನಿಮ್ಮ ಕಡತಗಳು ಇರುವುದು ಡಿಸ್ಕ್‌ನಲ್ಲಿ, ಬ್ಯಾಟರಿಯಲ್ಲಲ್ಲ. ಬ್ಯಾಟರಿ ತೆಗೆದ ಮಾತ್ರಕ್ಕೆ ಅವು ಹೋಗುವುದಿಲ್ಲ.

ಒಟ್ಟಿನಲ್ಲಿ

ಬ್ಯಾಟರಿ ಸಮಸ್ಯೆಯ ಬೆನ್ನಿಗೇ ಲ್ಯಾಪ್‌ಟಾಪ್ ನಿಧಾನವಾದರೆ ಅದನ್ನು ಮುಪ್ಪು ಎಂದು ಕೈಬಿಡಬೇಡಿ. ಸಿಪಿಯು ಸ್ಪೀಡ್ ನೋಡಲು ಎರಡು ನಿಮಿಷ ಸಾಕು, ಖರ್ಚೂ ಇಲ್ಲ. ಆ ಸಂಖ್ಯೆ ಕೆಳಗೆ ಅಂಟಿಕೊಂಡಿದ್ದರೆ ನಮ್ಮ ಸಲಹೆ ಇಷ್ಟೇ: ಮೊದಲು ಚಾರ್ಜರ್, ನಂತರ ಬ್ಯಾಟರಿ, ಆಮೇಲೆ ಫ್ಯಾನ್. ಇವು ಮೂರೂ ಸರಿ ಇದ್ದ ಮೇಲಷ್ಟೇ ಫಾರ್ಮ್ಯಾಟ್ ಅಥವಾ ಹೊಸ ಲ್ಯಾಪ್‌ಟಾಪ್‌ನ ಮಾತು.